ಎಷ್ಟು ಪೌಂಡ್?

ಬಿಲ್ಲು ಹಿಡಿಯೋಕೆ ಶುರು ಮಾಡಿದ ಮೇಲೆ ನನಗೆ ಎದುರಾದ ಪ್ರಶ್ನೆ ಒಂದೇ. "ಎಷ್ಟು ಪೌಂಡ್?"

ಆಫೀಸಿನ ಕಾಫಿ ಮಷೀನಿನ ಹತ್ತಿರ, ಮದುವೆಮನೆ ಊಟದ ಪಂಕ್ತಿಯಲ್ಲಿ, ಕಟಿಂಗ್ ಶಾಪಿನಲ್ಲಿ, ಎಲ್ಲ ಕಡೆ ಇದೇ ಪ್ರಶ್ನೆ. ಗುರಿ ತಾಗುತ್ತಾ ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ. ನಾನು ರಾಮನಗರದವನು ಅಂತ ಗೊತ್ತಾದರೆ ಜೊತೆಗೊಂದು ಜೋಕು ಫ್ರೀ. 1975ರಲ್ಲಿ ಶೋಲೆ ಬಂದಾಗಿನಿಂದ ನಮ್ಮೂರಿನವರೆಲ್ಲ ಗಬ್ಬರ್ ಸಿಂಗ್‌ನ ಪಕ್ಕದ ಮನೆಯವರೇ ತಾನೆ? "ಗಬ್ಬರ್ ಊರಲ್ಲಿ ಬಂದೂಕು ಬಿಟ್ಟು ಬಿಲ್ಲು ಹಿಡಿದಿದ್ದೀಯಲ್ಲೋ!" ಅಂತಾರೆ. ನನ್ನ ಉತ್ತರವೂ ರೆಡಿ: ಆ ಬೆಟ್ಟದ ಹೆಸರು ರಾಮದೇವರ ಬೆಟ್ಟ ಸ್ವಾಮಿ, ನಮ್ಮಲ್ಲಿಗೆ ಬಿಲ್ಲು ಬಂದು ಎಷ್ಟೋ ಕಾಲ ಆದಮೇಲೆ ಗಬ್ಬರ್ ಬಂದಿದ್ದು.

ಪೌಂಡಿನ ಪ್ರಶ್ನೆಗೂ ಆಗ ನನ್ನ ಹತ್ತಿರ ಠೀವಿಯ ಉತ್ತರ ಇತ್ತು. "60."

60 ಪೌಂಡ್ ಅಂದ್ರೆ ಸುಮಾರು 27 ಕೆಜಿ. ಅಂಗಡಿಯಲ್ಲಿ ಸಿಗುವ 25 ಕೆಜಿ ಅಕ್ಕಿ ಮೂಟೆ, ಅದರ ಮೇಲೆ ಎರಡು ಕೆಜಿ ಬೇಳೆ. ಅಷ್ಟನ್ನು ನೆಲದಿಂದ ಎತ್ತೋದಲ್ಲ, ಎಡಗೈ ಮುಂದಕ್ಕೆ ಚಾಚಿ, ಬಲಗೈಯಲ್ಲಿ ಗಲ್ಲದ ತನಕ ಎಳೀಬೇಕು. ಇದಕ್ಕೇ ಡ್ರಾ ವೇಯ್ಟ್ ಅನ್ನೋದು, ಎಳೆತದ ತೂಕ. ಸ್ಪರ್ಧೆಗಳಲ್ಲಿ ಕಾಂಪೌಂಡ್ ಬಿಲ್ಲಿಗೆ ವರ್ಲ್ಡ್ ಆರ್ಚರಿ ಹಾಕಿರುವ ಮಿತಿಯೂ 60 ಪೌಂಡೇ. ಅಂದರೆ ಮೊದಲ ತಿಂಗಳಲ್ಲೇ ನಾನು ವಿಶ್ವ ಮಟ್ಟದ ಗರಿಷ್ಠ ತೂಕಕ್ಕೆ ಕೈ ಹಾಕಿದ್ದೆ. ಬಾಣ ಮಾತ್ರ ಪಕ್ಕದವರ ಟಾರ್ಗೆಟ್ಟಿಗೆ ಹೋಗಿ ಬೀಳ್ತಿತ್ತು.

ಕಾಂಪೌಂಡ್ ಬಿಲ್ಲು ನೋಡದೇ ಇದ್ದವರಿಗೆ ಒಂದು ಮಾತು. ಯಕ್ಷಗಾನದಲ್ಲಿ, ಕ್ಯಾಲೆಂಡರಿನಲ್ಲಿ ನೋಡ್ತೀವಲ್ಲ, ಬಾಗಿದ ಕೋಲು, ಒಂದು ಹೆದೆ, ಅದಲ್ಲ ಇದು. ಇದರ ಎರಡೂ ತುದಿಯಲ್ಲಿ ಚಕ್ರಗಳಿವೆ. ಹೆದೆಯ ಜೊತೆಗೆ ಆ ಚಕ್ರಗಳ ನಡುವೆ ಅಡ್ಡಾದಿಡ್ಡಿ ಕೇಬಲ್‌ಗಳು. ನಮ್ಮಮ್ಮ ಮೊದಲ ಸಲ ನೋಡಿ "ಇದೇನೋ ಸೈಕಲ್ ಚೈನ್ ಬಿಚ್ಚಿಟ್ಟಂಗಿದೆ" ಅಂದಿದ್ರು. ಹೋಲ್ಲೆಸ್ ವಿಲ್ಬರ್ ಅಲೆನ್ ಅನ್ನೋ ಅಮೆರಿಕದ ಮಿಸ್ಸೌರಿಯವನು 1960ರ ದಶಕದಲ್ಲಿ ಕಂಡುಹಿಡಿದಿದ್ದು. ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಸಾವಿರಾರು ವರ್ಷದಿಂದ ಮನುಷ್ಯನ ಕೈಯಲ್ಲಿರುವ ಬಿಲ್ಲಿನ ಚಕ್ರಕ್ಕೆ ಪೇಟೆಂಟ್ ಬಂದಿದ್ದು ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷದಲ್ಲಿ.

ಚಕ್ರ ಯಾಕೆ? ಸಾದಾ ಬಿಲ್ಲನ್ನು ಎಳೆದಷ್ಟೂ ಭಾರ ಏರ್ತಾನೇ ಹೋಗುತ್ತೆ. ಗುರಿ ನೋಡಿ ಬಾಣ ಬಿಡಬೇಕಾದ ಕ್ಷಣದಲ್ಲೇ ಕೈಯಲ್ಲಿ ಅತಿ ಹೆಚ್ಚು ಭಾರ. ಒಲಿಂಪಿಕ್ಸ್‌ನಲ್ಲಿ ನೋಡೋ ರಿಕರ್ವ್ ಬಿಲ್ಲಿನ ಕಥೆಯೂ ಇದೇ. ಕಾಂಪೌಂಡಿನಲ್ಲಿ ಹಾಗಲ್ಲ. ಎಳೆಯಲು ಶುರು ಮಾಡಿದ ಸ್ವಲ್ಪದರಲ್ಲೇ ಭಾರ ತುದಿ ಮುಟ್ಟುತ್ತೆ, ಸ್ವಲ್ಪ ದೂರ ಅಲ್ಲೇ ನಿಲ್ಲುತ್ತೆ, ಆಮೇಲೆ ದಬಕ್ಕನೆ ಇಳಿಯುತ್ತೆ. ಈ ಇಳಿತಕ್ಕೆ ಲೆಟ್ ಆಫ್ ಅಂತ ಹೆಸರು. ಲೆಟ್ ಆಫ್ 80 ಪರ್ಸೆಂಟ್ ಅಂದ್ರೆ 60 ಪೌಂಡಿನ ಬಿಲ್ಲನ್ನು ಪೂರ್ತಿ ಎಳೆದು ನಿಂತಾಗ ಕೈಗೆ ಸಿಗುವುದು ಬರೀ 12 ಪೌಂಡ್, ಐದೂವರೆ ಕೆಜಿ ಹತ್ತಿರ. ಅಕ್ಕಿ ಮೂಟೆ ಹೋಗಿ ಗೋಧಿಹಿಟ್ಟಿನ ಪ್ಯಾಕೆಟ್ ಬಂತು.

ನಾನು ಎಡವಿದ್ದು ಇಲ್ಲೇ. ಸೆಕೆಂಡ್ ಹ್ಯಾಂಡ್ ಬಿಲ್ಲು ಕೊಳ್ಳುವಾಗ ನನ್ನ ಕಣ್ಣಿಗೆ ಬಿದ್ದಿದ್ದು ಆ 12 ಮಾತ್ರ. ಹನ್ನೆರಡು ಪೌಂಡ್ ತಾನೆ, ಲ್ಯಾಪ್‌ಟಾಪ್ ಬ್ಯಾಗೇ ಅಷ್ಟಿರುತ್ತೆ ಅಂದ್ಕೊಂಡೆ. ಆದರೆ 12ಕ್ಕೆ ಹೋಗೋ ದಾರಿಯಲ್ಲಿ 60ರ ಟೋಲ್ ಗೇಟ್ ಇದೆ, ಪ್ರತಿ ಬಾಣಕ್ಕೂ ಅಲ್ಲಿ ಕಟ್ಟಲೇಬೇಕು. ಒಂದು ಬೆಳಿಗ್ಗೆಗೆ 60 ಬಾಣ ಬಿಟ್ಟರೆ 60 ಸಲ ಅಕ್ಕಿ ಮೂಟೆ.

ನಾವು ಅಭ್ಯಾಸ ಮಾಡೋದು ಮಾಗಡಿ ಕಡೆಯ ಒಂದು ತೋಟದಲ್ಲಿ, ಸಾವನದುರ್ಗ ಎದುರಿಗೇ ಕಾಣುತ್ತೆ. ನಾನು ಬಿಲ್ಲನ್ನು ಆಕಾಶಕ್ಕೆ ಎತ್ತಿ, ಬೆನ್ನು ಬಗ್ಗಿಸಿ, ಹಲ್ಲು ಕಚ್ಚಿ ಎಳೆಯೋದನ್ನ ಕೋಚ್ ಮೇಡಂ ಎರಡು ವಾರ ನೋಡಿದ್ರು. ಕಮ್ಮಿ ಮಾಡಿ ಅಂತ ಹೇಳಿದ್ರು. ನಾನು ಕೇಳಲಿಲ್ಲ. ಮೂರನೇ ವಾರ ಬಲಭುಜದ ಒಳಗೆ ಏನೋ ಚಳಕ್ ಅಂತು. ಆಮೇಲೆ ಆರು ವಾರ ಫಿಸಿಯೋಥೆರಪಿ. ತಲೆ ಬಾಚೋಕೂ ಎಡಗೈ. ಮೀಟಿಂಗಿನಲ್ಲಿ ಕ್ಯಾಮೆರಾ ಆನ್ ಮಾಡಿದ್ರೆ "ಏನಾಯ್ತು, ಆಕ್ಸಿಡೆಂಟಾ?" ಅಂತ ಕೇಳೋರು. ಅಹಂಕಾರ ಅಂತ ಹೇಳೋಕಾಗುತ್ತಾ?

ಆ ಆರು ವಾರದಲ್ಲಿ ಒಂದು ದಿನ ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಗೊಂಬೆ ತರೋಕೆ ಚನ್ನಪಟ್ಟಣಕ್ಕೆ ಹೋದೆ. ಹೈವೇ ಪಕ್ಕದ ಅಂಗಡಿ ಬಿಟ್ಟು, ಊರೊಳಗೆ ಮನೆಯಲ್ಲೇ ಲೇತ್ ಇಟ್ಟುಕೊಂಡಿರುವ ಒಬ್ಬರ ಹತ್ತಿರ. ಆಲೆ ಮರದ ತುಂಡು ಗಿರಗಿರ ತಿರುಗ್ತಿತ್ತು. ಅದಕ್ಕೆ ಅವರು ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಹತ್ತಿಕೊಳ್ತಿತ್ತು. ದಾರ ಕಟ್ಟಿ ಎಳೆದರೆ ಮೇಲೆ ಕೆಳಗೆ ಕುಪ್ಪಳಿಸುತ್ತಾ ಬರುವ ಒಂದು ಬಾತುಕೋಳಿ ಆರಿಸಿಕೊಂಡೆ. ತಿರುಗಿಸಿ ನೋಡಿದರೆ ಅದರ ಚಕ್ರದ ತೂತು ನಡುವೆ ಇರಲಿಲ್ಲ, ಒಂದು ಪಕ್ಕಕ್ಕೆ ಸರಿದಿತ್ತು. "ತೂತು ತಪ್ಪಾಗಿದೆಯಲ್ಲ ಭಾಯ್?" ಅಂದೆ.

ಅವರು ನಕ್ಕರು. "ತೂತು ನಡುಮಧ್ಯ ಹಾಕಿದ್ರೆ ಗಾಡಿ ಸಾರ್. ಪಕ್ಕಕ್ಕೆ ಹಾಕಿದ್ರೇನೇ ಬಾತು."

ತಿಂಗಳುಗಟ್ಟಲೆ ವಿಡಿಯೋ ನೋಡಿ ಅರ್ಥ ಆಗದೇ ಇದ್ದಿದ್ದು ಆ ಒಂದು ಮಾತಲ್ಲಿ ಅರ್ಥ ಆಯ್ತು. ಬಿಲ್ಲಿನ ಚಕ್ರಕ್ಕೆ ಕ್ಯಾಮ್ ಅಂತಾರೆ. ಅದೂ ಬಾತುಕೋಳಿ ಚಕ್ರವೇ. ಪೂರ್ತಿ ಗುಂಡಗಿರಲ್ಲ, ಅಚ್ಚು ನಡುವೆ ಇರಲ್ಲ. ಹೆದೆ ಎಳೆದಾಗ ಅದು ಕ್ಯಾಮಿನಿಂದ ಬಿಚ್ಚಿಕೊಳ್ಳುತ್ತೆ, ಕ್ಯಾಮ್ ತಿರುಗುತ್ತೆ, ಇನ್ನೊಂದು ಬದಿಯಲ್ಲಿ ಕೇಬಲ್ ಸುತ್ತಿಕೊಳ್ಳುತ್ತೆ. ಕೇಬಲ್ ಎಳೆಯೋದು ಬಿಲ್ಲಿನ ಎರಡು ತೋಳುಗಳನ್ನು. ಬಾಗಿಲು ತಳ್ಳೋದನ್ನ ನೆನೆಸಿಕೊಳ್ಳಿ. ಹಿಂಜಿನ ಹತ್ತಿರ ಬೆರಳಿಟ್ಟು ತಳ್ಳಿದರೆ ಕದಲಲ್ಲ, ಚಿಲಕದ ಹತ್ತಿರ ತಳ್ಳಿದರೆ ಸಲೀಸು. ಎಳೆತದ ಆರಂಭದಲ್ಲಿ ಹೆದೆ ಅಚ್ಚಿಗೆ ಹತ್ತಿರ ಇರುತ್ತೆ, ಹಿಂಜಿನ ಹತ್ತಿರ ತಳ್ಳಿದ ಹಾಗೆ. ಕೊನೆಗೆ ಬರುವಷ್ಟರಲ್ಲಿ ಚಕ್ರ ತಿರುಗಿ ಹೆದೆ ಅಚ್ಚಿನಿಂದ ದೂರ, ಕೇಬಲ್ ಅಚ್ಚಿಗೆ ಹತ್ತಿರ. ಲೆಕ್ಕಕ್ಕೆ ಹೇಳಬೇಕು ಅಂದ್ರೆ, ಅಚ್ಚಿನಿಂದ ಒಂದು ಬೆರಳು ದೂರದಲ್ಲಿ ಕೇಬಲ್ 100ರ ಬಲದಲ್ಲಿ ಜಗ್ಗುತ್ತಿದ್ದರೆ, ಐದು ಬೆರಳು ದೂರದಲ್ಲಿರುವ ಹೆದೆಯನ್ನು ಹಿಡಿದು ನಿಲ್ಲಿಸೋಕೆ 20 ಸಾಕು. 80 ಪರ್ಸೆಂಟ್ ಲೆಟ್ ಆಫಿನ ಗುಟ್ಟು ಇಷ್ಟೇ.

ಬಾತುಕೋಳಿಯ ಫೋಟೋ ತೆಗೆದು ಕೋಚ್ ಮೇಡಂಗೆ ಕಳಿಸಿದೆ. "ಸರಿಯಾಗಿ ಹಿಡಿದಿದ್ದೀರಿ. ಆದ್ರೆ ಇನ್ನೂ ಅರ್ಧ ಬಾಕಿ ಇದೆ, ಬನ್ನಿ" ಅಂತ ಉತ್ತರ ಬಂತು.

ಹೋದಾಗ ಮಣ್ಣಲ್ಲಿ ಕಡ್ಡಿಯಿಂದ ಒಂದು ಗೆರೆ ಎಳೆದ್ರು. ಕಡಿದಾಗಿ ಏರಿ, ಮೇಲೆ ಚಪ್ಪಟೆಯಾಗಿ ಸಾಗಿ, ಆಚೆ ಕಡೆ ಇಳಿದ ಗೆರೆ. ಎದುರಿಗಿದ್ದ ಸಾವನದುರ್ಗದ ಹಾಗೇ ಇತ್ತು. ಇಳಿದ ಜಾಗಕ್ಕೆ ಆರ್ಚರಿಯವರು ಕಣಿವೆ ಅಂತಲೇ ಹೇಳ್ತಾರಂತೆ. ಅದಾದ ಮೇಲೆ ಇನ್ನು ಎಳೆಯೋಕಾಗದ ಹಾಗೆ ತಡೆಯೋ ಜಾಗ ಗೋಡೆ. ಬಿಲ್ಲುಗಾರ ನಿಲ್ಲಬೇಕಾದ್ದು ಕಣಿವೆಯಲ್ಲಿ, ಗೋಡೆಗೆ ಒರಗಿ.

"ಈಗ ಹೇಳಿ. ಕಣಿವೆಯಲ್ಲಿ ನಿಂತಾಗ ನಿಮ್ಮ ಕೈಯಲ್ಲಿ 12 ಪೌಂಡ್. ಮಿಕ್ಕ 48 ಎಲ್ಲಿಗೆ ಹೋಯ್ತು?"

"ಕಮ್ಮಿ ಆಯ್ತು."

"ಕಮ್ಮಿ ಆಗೋಕೆ ಅದೇನು ಡಿಸ್ಕೌಂಟಾ?"

ಬಿಲ್ಲಿನ ತೋಳುಗಳನ್ನ ತೋರಿಸಿದ್ರು. ಪೂರ್ತಿ ಎಳೆದು ನಿಂತಾಗ ಅವು ಅತಿ ಹೆಚ್ಚು ಬಾಗಿರುತ್ತವೆ. ಕೈಗೆ ಹಗುರ ಅನ್ನಿಸೋ ಆ ಹೊತ್ತಲ್ಲೇ ಅವುಗಳ ಮೇಲೆ ಅತಿ ಹೆಚ್ಚು ಭಾರ. ಏರಿದ ಬೆಟ್ಟದ ಶ್ರಮವೆಲ್ಲ ಅಲ್ಲಿ ಕೂತಿರುತ್ತೆ. ಬಾಣ ಬಿಟ್ಟಾಗ ಹೆದೆ ಅದೇ ಬೆಟ್ಟವನ್ನು ಹಿಂದುಮುಂದಾಗಿ ಹತ್ತಿ ಇಳಿದು ಆ ಶಕ್ತಿಯನ್ನ ಬಾಣಕ್ಕೆ ಕೊಡುತ್ತೆ. ಬಾಣ ಇಲ್ಲದೆ ಖಾಲಿ ಹೆದೆ ಬಿಟ್ಟರೆ ಆ ಶಕ್ತಿಗೆ ಹೋಗೋಕೆ ಜಾಗ ಇಲ್ಲ. ತೋಳೇ ಸೀಳಬಹುದು, ಕೇಬಲ್ ಕಿತ್ತು ಮುಖಕ್ಕೆ ಬರಬಹುದು. ಅದಕ್ಕೇ ಖಾಲಿ ಬಿಲ್ಲು ಎಳೆದು ಬಿಡಬಾರದು ಅನ್ನೋದು ಮೊದಲ ದಿನದ ಮೊದಲ ಪಾಠ. "ನಿಮ್ಮ ಕೈಗೆ ಹಗುರ ಆಯ್ತು ಅಂದ್ರೆ ಭಾರ ಇಲ್ಲ ಅಂತಲ್ಲ. ಇನ್ಯಾರೋ ಹೊತ್ಕೊಂಡಿದ್ದಾರೆ ಅಂತ" ಅಂದ್ರು.

ಆವತ್ತೇ ಅಲೆನ್ ಕೀ ತಗೊಂಡು ಬಿಲ್ಲನ್ನು 40ಕ್ಕೆ ಇಳಿಸಿದೆ. (ಈ ಕೀಗೂ ಬಿಲ್ಲು ಕಂಡುಹಿಡಿದ ಅಲೆನ್‌ಗೂ ಸಂಬಂಧ ಇಲ್ಲ.) ನನ್ನದು 30ರಿಂದ 60ರವರೆಗೂ ಹೊಂದಿಸಬಹುದಾದ ಮಾಡೆಲ್. ಮೇಲಿನ ಬೋಲ್ಟ್ ಎಷ್ಟು ಸುತ್ತು ಬಿಚ್ಚುತ್ತೀರೋ ಕೆಳಗಿನದನ್ನೂ ಅಷ್ಟೇ ಸುತ್ತು ಬಿಚ್ಚಬೇಕು, ಕೈಪಿಡಿಯಲ್ಲಿ ಹೇಳಿರೋ ಮಿತಿ ದಾಟಬಾರದು. ತೂಕ ಬದಲಾದರೆ ಅದಕ್ಕೆ ಹೊಂದುವ ಬಾಣವೂ ಬದಲಾಗುತ್ತೆ. ನಿಮಗೆ ಎಷ್ಟು ಪೌಂಡ್ ಸರಿ ಅಂತ ತಿಳಿಯೋಕೆ ಮೇಡಂ ಹೇಳಿಕೊಟ್ಟ ಪರೀಕ್ಷೆ ಬಹಳ ಸಿಂಪಲ್. ಕುರ್ಚಿ ಮೇಲೆ ಕೂತು, ಬಾಣ ಹೂಡಿ, ಟಾರ್ಗೆಟ್ಟಿನ ನೇರಕ್ಕೇ ಹಿಡಿದು ನಿಧಾನ ಎಳೀರಿ. ಬಿಲ್ಲು ಆಕಾಶ ನೋಡಿದ್ರೆ ತೂಕ ಜಾಸ್ತಿ ಅಂತ ಅರ್ಥ.

ಲೆಟ್ ಆಫ್ ಕೂಡ ಹೆಚ್ಚಿದ್ದಷ್ಟೂ ಒಳ್ಳೇದು ಅಂತೇನಿಲ್ಲವಂತೆ. ಕೈಯಲ್ಲಿ ತೀರಾ ಭಾರ ಇಲ್ಲದಿದ್ದರೆ ಬಿಲ್ಲು ಅಲ್ಲಾಡುತ್ತೆ ಅಂತ ಎಷ್ಟೋ ಸ್ಪರ್ಧಿಗಳು 70ರ ಆಸುಪಾಸಿಗೆ ಇಟ್ಟುಕೊಳ್ತಾರೆ. ಇನ್ನು ಶಕ್ತಿಯ ವಿಷಯಕ್ಕೆ ಬಂದರೆ, ಎರಡೂ ಕೈ ಇಲ್ಲದ ಜಮ್ಮು-ಕಾಶ್ಮೀರದ ಹುಡುಗಿ ಶೀತಲ್ ದೇವಿ ಕಾಲಲ್ಲಿ ಬಿಲ್ಲು ಹಿಡಿದು, ಭುಜದಿಂದ ಹೆದೆ ಎಳೆದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದಿದ್ದು ಕಾಂಪೌಂಡ್ ಬಿಲ್ಲಿನಲ್ಲೇ. ಅದನ್ನ ನೋಡಿದ ಮೇಲೆ "60" ಅಂತ ಎದೆ ಉಬ್ಬಿಸಿದ್ದು ನೆನೆದು ನಾಚಿಕೆ ಆಯ್ತು.

ಆದರೆ ನನ್ನ 60ರ ಸುದ್ದಿ ಆಗಲೇ ಕನಕಪುರ ಮುಟ್ಟಿತ್ತು.

ಅಮ್ಮನ ತವರು ಕನಕಪುರದಿಂದ ಸಂಗಮದ ಕಡೆ ಹೋಗುವಾಗ ಸಿಗೋ ಒಂದು ಹಳ್ಳಿ, ಕಾಡಿನ ಅಂಚು. ಅಲ್ಲಿ ಸೋದರಮಾವ ಇನ್ನೂ ರಾಗಿ ಬೆಳೀತಾರೆ. ನವೆಂಬರಿನಲ್ಲಿ ಒಂದು ರಾತ್ರಿ ಫೋನು.

"ಏನ್ಲಾ, ಅದೇನೋ ಅರವತ್ತು ಪೌಂಡಿನ ಬಿಲ್ಲು ಮಡಗಿದ್ದೀಯಂತೆ? ತಗಂಡು ಬಾ. ಅಂದಿ ಕಾಟ ತಡೆಯಕ್ಕಾಗ್ತಿಲ್ಲ."

"ಮಾವ, ಈಗ ನಲವತ್ತು."

"ನಲವತ್ತಾದ್ರೆ ಸಣ್ಣಂದಿ ಒಡೆಯಾವ ಬುಡು."

ಶನಿವಾರ ಹೋದೆ. ಬಿಲ್ಲು ಡಿಕ್ಕಿಯಲ್ಲೇ ಇತ್ತು, ಅಭ್ಯಾಸ ಮುಗಿಸಿ ನೇರ ಹೋಗಿದ್ದೆ. ಮಾವ ಬಿಡಲಿಲ್ಲ. ತೋಟದ ಮೂಲೆಯ ಮಣ್ಣಿನ ದಿಬ್ಬಕ್ಕೆ ಫೋಮ್ ಟಾರ್ಗೆಟ್ ಒರಗಿಸಿ, ಹತ್ತು ಹೆಜ್ಜೆ ದೂರದಲ್ಲಿ ಅವರನ್ನ ನಿಲ್ಲಿಸಿ, ಬಾಣ ಹೂಡಿ ಕೊಟ್ಟೆ. ಮಾವನ ಎತ್ತರ, ಕೈಯ ಉದ್ದ ಎರಡೂ ಹೆಚ್ಚುಕಮ್ಮಿ ನನ್ನಷ್ಟೇ. ಟ್ರಿಗರ್ ಮೇಲೆ ಬೆರಳಿಡಬೇಡಿ ಅಂತ ಮೂರು ಸಲ ಹೇಳಿದೆ. ಅರವತ್ತೆರಡರ ಮಾವ ಪಂಚೆ ಎತ್ತಿ ಕಟ್ಟಿ ಎಳೆದ್ರು. ನಾನು ಆರು ವಾರದ ಫಿಸಿಯೋಥೆರಪಿ ಮಾಡಿಸಿಕೊಂಡ ಕೆಲಸವನ್ನ, ಬಾವಿ ಹಗ್ಗ ಜಗ್ಗಿದ ಹಾಗೆ, ಬಿಲ್ಲು ಒಂದಿಷ್ಟೂ ಮೇಲೆ ನೋಡದ ಹಾಗೆ ಮಾಡಿದ್ರು. ಬೆಟ್ಟ ದಾಟಿ ಕಣಿವೆಗೆ ಬಿದ್ದ ತಕ್ಷಣ ಮುಖ ಬಿಳಿಚಿಕೊಳ್ತು.

"ಅಯ್ಯಯ್ಯಪ್ಪಾ! ಮುರ್ದೋಯ್ತೇನ್ಲಾ?"

ಮೊದಲ ಸಲ ಎಳೆಯೋ ಎಲ್ಲರಿಗೂ ಹಾಗೇ ಅನ್ನಿಸುತ್ತೆ. ಅಷ್ಟು ಹೊತ್ತು ಜಗ್ಗಿದ ಭಾರ ಒಮ್ಮೆಲೇ ಇಲ್ಲ ಅಂದ್ರೆ ಏನೋ ಕಿತ್ತುಹೋಗಿದೆ ಅಂತಲೇ ಅರ್ಥ ತಾನೆ? "ಮುರಿದಿಲ್ಲ ಮಾವ, ಹಂಗೇ ಇದು" ಅಂದೆ. ಹಗುರಾಗಿದೆಯಲ್ಲ ಅಂತ ಅವರು ಕೈ ಸಡಿಲ ಮಾಡಿದ್ರು. ಒಂದು ಇಂಚು ಮುಂದೆ ಹೋದದ್ದೇ ತಡ, ಬಿಲ್ಲು ಗೂಳಿ ಹಗ್ಗ ಜಗ್ಗಿದ ಹಾಗೆ ಅವರನ್ನ ಮುಂದಕ್ಕೆ ಎಳೆದುಕೊಂಡು ಹೋಯ್ತು. ನಾನೂ ಕೈ ಹಾಕಿ ಇಬ್ಬರೂ ಸೇರಿ ನಿಧಾನ ಇಳಿಸಿದೆವು. ಮಾವ ಬಿಲ್ಲನ್ನ ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ರು.

"ಹಗುರಾಯ್ತು ಅಂತ ಮೈಮರೆಯಂಗಿಲ್ಲ ಅನ್ನು."

ಆಮೇಲೆ ಹೇಳಲೇಬೇಕಾದ್ದನ್ನ ಹೇಳಿದೆ. ಹಂದಿಗೆ ಬಾಣ ಬಿಡೋಕಾಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಕಾಡುಹಂದಿ ಕೊಂದರೆ ಅಪರಾಧ. ಕಾನೂನು ಬಿಡಿ, ನನ್ನ ಕೈಯಲ್ಲಿ ಅದು ಒಂದೇ ಏಟಿಗೆ ಸಾಯಲ್ಲ, ಬಾಣ ಹೊತ್ತುಕೊಂಡು ಮೂರು ದಿನ ನರಳುತ್ತೆ. ಮಾವ ವಾದ ಮಾಡಲಿಲ್ಲ. "ನಂಗೂ ಗೊತ್ತು ಕಣ್ಲಾ. ಯೋಳ್ದೆ ಅಷ್ಟೇಯ. ರಾತ್ರಿ ಕಾವಲಿಗೆ ಬತ್ತೀಯಾ?"

ಹೊಲದ ಮಧ್ಯೆ ನಾಲ್ಕು ಕಂಬದ ಅಟ್ಟಣೆ. ಮೇಲೆ ಒಂದು ಕಂಬಳಿ, ಒಂದು ಟಾರ್ಚು, ಬಡಿಯೋಕೆ ಎಣ್ಣೆ ಡಬ್ಬ. ತೆನೆ ಹಾಲುಗಟ್ಟಿದಾಗಿನಿಂದ ಕುಯ್ಲಿನ ತನಕ ಮಾವ ಪ್ರತಿ ರಾತ್ರಿ ಮಲಗೋದು, ಅಂದ್ರೆ ಮಲಗದೇ ಇರೋದು, ಅಲ್ಲೇ. ಹಂದಿ ಬಂದರೆ ಡಬ್ಬ ಬಡೀಬೇಕು. ಆನೆ ಬಂದರೆ ಉಸಿರು ಬಿಗಿಹಿಡಿದು ಕೂರಬೇಕು.

"ಎಷ್ಟು ದಿನ ಮಾವ ಹಿಂಗೆ?"

"ಕುಯ್ಲು ಅತ್ರ ಬಂದಂಗೆಲ್ಲ ಕಷ್ಟ ಕಣ್ಲಾ. ಬಿತ್ತನೆಲಿ ಓದ್ರೆ ಓಗ್ಲಿ ಅನ್ಬೋದು. ಗೊಬ್ಬರ ಆಕಿ, ಕಳೆ ಕಿತ್ತು, ಎಲ್ಲ ಆಗಿ ತೆನೆ ಕಣ್ಮುಂದೆ ನಿಂತಿರ್ತದಲ್ಲ, ಆವಾಗ ನಿದ್ದೆ ಬತ್ತದಾ?"

ಕತ್ತಲಲ್ಲಿ ಲೆಕ್ಕ ಹಾಕಿದೆ. ಎಳೆದಷ್ಟೂ ಭಾರ, ಕೊನೇ ಕ್ಷಣದಲ್ಲಿ ಪೂರ್ತಿ ಭಾರ. ಮಾವನ ಬಿಲ್ಲಿಗೆ ಚಕ್ರ ಇಲ್ಲ.

ಬೆಳಗಿನ ಜಾವ ನಾಲ್ಕರ ಸುಮಾರಿಗೆ ನನಗೆ ಜೋಂಪು ಹತ್ತಿತ್ತು. ನನ್ನ ಪಾಳಿ ಅದು. ಎಚ್ಚರ ಆಗುವಷ್ಟರಲ್ಲಿ ಮಾವ ಡಬ್ಬ ಬಡೀತಾ ಹೊಲದೊಳಗೆ ಓಡ್ತಿದ್ರು. ಬೆಳಕಾದ ಮೇಲೆ ನೋಡಿದರೆ ಹಳ್ಳದ ಕಡೆಯ ಮೂಲೆಯಲ್ಲಿ ಮೂರು ಗುಂಟೆಯಷ್ಟು ರಾಗಿ ನೆಲಕ್ಕೆ ಒರಗಿತ್ತು, ರೋಡ್ ರೋಲರ್ ಹೋದ ಹಾಗೆ. ಮಾವ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅರಣ್ಯ ಇಲಾಖೆಯಿಂದ ಬೆಳೆ ಪರಿಹಾರಕ್ಕೆ ಅರ್ಜಿ ಹಾಕೋಣ ಅಂತ ಫೋಟೋ ತೆಗೆದೆ. ಅಷ್ಟಾದ್ರೂ ಮಾಡೋಣ ಅಂತ. ಪಹಣಿ ಬೇಕು ಅಂದಾಗ ಅತ್ತೆ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದುಕೊಟ್ರು. ತೆಗೆದು ನೋಡಿದೆ. ಜಂಟಿ ಖಾತೆ. ಮಾವನ ಹೆಸರಿನ ಕೆಳಗೆ ಅಮ್ಮನ ಹೆಸರು.

ಪ್ರತಿ ಸಂಕ್ರಾಂತಿಗೆ ನಮ್ಮನೆಗೆ ಒಂದು ಮೂಟೆ ರಾಗಿ ಬರುತ್ತೆ. ಚಿಕ್ಕಂದಿನಿಂದ ನೋಡಿದ್ದೀನಿ. ಮಾವ ಪ್ರೀತಿಗೆ ಕಳಿಸ್ತಾರೆ ಅಂತ ತಿಳ್ಕೊಂಡಿದ್ದೆ. ಬಸ್ ಸ್ಟ್ಯಾಂಡಿನಿಂದ ಮನೆ ತನಕ ಅದನ್ನ ಹೊತ್ತು ತರೋದೇ ಆ ಹೊಲಕ್ಕೆ ನಾನು ಮಾಡಿದ ಅಷ್ಟೂ ಕೆಲಸ. ಬೆಂಗಳೂರಿನಲ್ಲಿ ಕೂತು "ನಾವು ರಾಗಿಮುದ್ದೆಯವರು" ಅಂತ ಸ್ಟೇಟಸ್ ಹಾಕುವಾಗ ಆ ಮುದ್ದೆ ಬಹಳ ಹಗುರವಾಗಿ ಗಂಟಲಿಗಿಳಿದಿತ್ತು.

ಆ ವರ್ಷ ಕುಯ್ಲಿನ ತನಕ ಮೂರು ಶನಿವಾರ ಹೋಗಿ ಕಾವಲು ಕೂತೆ. ದೊಡ್ಡ ಉಪಕಾರ ಏನಲ್ಲ. ವಾರಕ್ಕೆ ಏಳು ರಾತ್ರಿಯಲ್ಲಿ ಒಂದು ಅಂದ್ರೆ ಪರ್ಸೆಂಟಿನಲ್ಲಿ 15ನ್ನೂ ಮುಟ್ಟಲ್ಲ. ಆ ರಾತ್ರಿಗಳಲ್ಲಿ ಮಾವ ಮನೆಯಲ್ಲಿ ಮಲಗಿದ್ರು. ಗೊರಕೆ ಹಟ್ಟಿಯ ಆಚೆಗೂ ಕೇಳ್ತಿತ್ತು ಅಂತ ಅತ್ತೆ ಹೇಳಿದ್ರು.

ಸಂಕ್ರಾಂತಿಗೆ ಮೂಟೆ ಬಂತು. ಈ ಸಲ ಚಿಕ್ಕದು. ಎತ್ತಿ ಭುಜದ ಮೇಲೆ ಇಟ್ಟುಕೊಂಡು ಮನೆ ಹತ್ತಿರ ಬರುವಾಗ ಎದುರುಮನೆ ಹುಡುಗ, ನನ್ನ ಬಿಲ್ಲಿನ ದೊಡ್ಡ ಅಭಿಮಾನಿ, ಗೇಟಿನ ಮೇಲೆ ಹತ್ತಿ ನಿಂತು ಕೂಗಿದ.

"ಅಣ್ಣಾ, ಎಷ್ಟು ಪೌಂಡ್?"

"ಗೊತ್ತಿಲ್ಲ ಕಣೋ" ಅಂದೆ. "ಮಾವನ್ನ ಕೇಳಬೇಕು."